ಮಂಚಯ್ಯನ ಷಿಲ್ಲಿಂಗು

"ಅಲ್ಲೇ ನಿಂತ್ಕಳೇ ಮೂದೇವಿ! ನಿನ್ನ ನೆಳ್ಳು ಬೆಲ್ಲದ ಮ್ಯಾಲೆ ಬೀಳ್ತಾ ಅದೆ. ಕಾಸ ಕಲ್ಲ ಮ್ಯಾಲೆ ಮಡಗು."

ಕಟ್ಟೆಮಳಲವಾಡಿಯ ಅಂಗಡಿ ಕಂಠಪ್ಪನ ಬಾಯಿಗೆ ಇದು ದಿನದ ಪಾಠ. ಕೇರಿಯವರು ಜಗಲಿಯ ಕೆಳಗಿನ ಚಪ್ಪಡಿಯ ಮೇಲೆ ಕಾಸಿಡಬೇಕು. ಅವನು ತಂಬಿಗೆಯಿಂದ ನೀರು ಸುರಿದು, ಮೈಲಿಗೆ ಕಳೆದು, ಆಮೇಲೆ ಎತ್ತಿಕೊಳ್ಳಬೇಕು. ಸ್ವರಾಜ್ಯ ಬಂದು ಏಳೆಂಟು ವರ್ಷವಾದರೂ ಆ ಚಪ್ಪಡಿ ಒಣಗಿರಲಿಲ್ಲ.

ಹೊಗೆಸೊಪ್ಪು ಮುರಿದು, ಉಪ್ಪಿಗೆಂದು ಬಂದಿದ್ದ ಚಿಕ್ಕಬೀರಮ್ಮನ ಬೆರಳುಗಳು ಅಂಟಂಟಾಗಿದ್ದವು. ಸೆರಗಿನ ಗಂಟು ಬಿಚ್ಚಲು ಬಗ್ಗಿದಾಗ ಕೊರಳ ದಾರ ಬೆರಳಿಗೆ ಸಿಕ್ಕಿ ಕಿತ್ತು, ಅದರಲ್ಲಿದ್ದ ಬೆಳ್ಳಿಯಂಥ ಬಿಲ್ಲೆ ಟಣ್ಣೆಂದು ಚಪ್ಪಡಿಗೆ ಬಿತ್ತು. ತೀರಿಹೋದ ಗಂಡ ಮಂಚಯ್ಯನದೆಂದು ಅವಳಿಗೆ ಉಳಿದಿದ್ದುದು ಅದೊಂದೇ. ಅವಳು ಕೈಚಾಚುವಷ್ಟರಲ್ಲಿ ಕಂಠಪ್ಪ ಅಭ್ಯಾಸಬಲದಿಂದ ನೀರು ಸುರಿದು ಎತ್ತಿಯೇಬಿಟ್ಟ.

ಎತ್ತಿದವನು ಕಣ್ಣರಳಿಸಿದ. ಬಿಲ್ಲೆಯಲ್ಲಿ ಬೆಟ್ಟ, ಬೆಟ್ಟದ ಮುಂದೆ ಸಿಂಹ.

"ತಾಯಿ ಚಾಮುಂಡಿ! ನಿನ್ನ ಬೆಟ್ಟ, ನಿನ್ನ ವಾಹನ!"

ಕಣ್ಣಿಗೊತ್ತಿಕೊಂಡು, ದೇವಿಯ ಪಟದ ಮುಂದಿನ ತಟ್ಟೆಯಲ್ಲಿಟ್ಟು, ಕುಂಕುಮ ಸುರಿದು ಕರ್ಪೂರ ಹಚ್ಚಿದ. "ಇಂಥಾದ್ದು ಕೇರೀಲಿ ಇರಬಾರ್ದು ಕಣೇ. ಇಲ್ಲೇ ಇರ್ಲಿ."

ಚಿಕ್ಕಬೀರಮ್ಮನಿಗೆ ನಗು ತಡೆಯಲಿಲ್ಲ. "ಅಯ್ ಬುದ್ಧಿ, ಅದು ಆಪ್ರಿಕದ ಸಿಲ್ಲಿಂಗು! ನನ್ನ ಗಂಡ ದಂಡ್ನಾಗೆ ಅಡ್ಗೆ ಬೇಯ್ಸಕ್ಕೆ ಓಗಿದ್ನಲ್ಲ, ಅಲ್ಲಿಂದ ತಂದದ್ದು. ಕೊಂಡಿ ಆಕ್ಸಿ ಅವ್ನೇ ನನ್ನ ಕೊರಳ್ಗೆ ಕಟ್ಟಿದ್ದ. ಅಲ್ಲಿ ಜನ ನಮ್ಗಿಂತ ಕರ್ರಗವ್ರಂತೆ. ಅದ ಕೊಟ್ಟು ಸಂತೇಲಿ ಬಾಡು ತತ್ತಾರಂತೆ."

ಹಿಂದೆ ಎಣ್ಣೆಗೆ ಕಾದು ನಿಂತಿದ್ದ ಕೇರಿಯ ಕುಳ್ಳಯ್ಯ ಬಾಯಿ ಹಾಕಿದ: "ಅಂಗಾರೆ ಬಾಡಿನ ಕಾಸಿಗೆ ಮಂಗಳಾರತಿ ಆಯ್ತು ಅನ್ನಿ! ಪರ್ಸಾದ ಏನ್ ಕೊಡ್ತೀರಿ ಬುದ್ಧಿ, ಮೂಳೆಯಾ?"

ನಿಂತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಂಠಪ್ಪ ಕೈಯನ್ನು ಪಂಚೆಗೆ ಒರೆಸಿಕೊಂಡ. ಒರೆಸಿದ ಮೇಲೆ, ಪಂಚೆಯೂ ಕೆಟ್ಟಿತಲ್ಲ ಎಂದು ಹೊಳೆದು ಇನ್ನಷ್ಟು ಕೆಂಪಾದ.

"ಥೂ ಬೋಸುಡಿ! ಮೊದ್ಲೇ ಬೊಗುಳಕ್ಕೆ ಏನಾಗಿತ್ತು? ಚರಂಡಿಗೆ ಎಸೀತೀನಿ, ಆಯ್ಕಂಡು ಓಗು!"

ಒಲೆಯ ಇಕ್ಕಳ ತಂದು, ಸತ್ತ ಇಲಿಯನ್ನು ಎತ್ತುವವನಂತೆ ತಟ್ಟೆಯತ್ತ ಬಗ್ಗಿದ.

ಚಿಕ್ಕಬೀರಮ್ಮನ ನಗು ನಿಂತಿತು. ಕೇರಿಯ ಕಾಲು ಎಂದೂ ತುಳಿಯದ ಜಗಲಿಯನ್ನು ಹತ್ತಿ ಅಂಗಡಿಯೊಳಕ್ಕೆ ನಡೆದಳು.

"ಇಕ್ಕಳ ಕೆಳಗೆ ಮಡಗಿ ಬುದ್ಧಿ. ಅದು ನನ್ನ ಗಂಡ ಕಟ್ಟಿದ್ದು."

"ಲೇ, ಒಳೀಕೆ ಬರಬ್ಯಾಡ..."

"ಬಂದಾಯ್ತಲ್ಲ."

ಅವಳ ಸೆರಗು ತಾಕೀತೆಂದು ಅವನು ಮೂಟೆಗಳ ಸಂದಿಗೆ ಸರಿದ. ಅವಳು ಬಿಲ್ಲೆಯನ್ನು ಎತ್ತಿ ಹಣೆಗೊತ್ತಿಕೊಂಡಳು. ಗಂಡ ಹೋದಂದಿನಿಂದ ಬರಿದಾಗಿದ್ದ ಹಣೆಗೆ ಕುಂಕುಮ ಮೆತ್ತಿಕೊಂಡಿತು. ಅವಳು ಒರೆಸಿಕೊಳ್ಳಲಿಲ್ಲ. ಹೊರಬಂದು ಜಗಲಿಯ ಮೇಲೆಯೇ ಕಾಲು ಮಡಿಸಿ ಕುಳಿತು, ಕಿತ್ತ ದಾರಕ್ಕೆ ಗಂಟು ಹಾಕತೊಡಗಿದಳು.

"ಉಪ್ಪು ಅಳೀರಿ ಬುದ್ಧಿ. ಕಾಸು ನನ್ನ ಅಂಗೈಲದೆ, ಕೈಯಿಂದ್ಲೇ ತಕ್ಕಳಿ."