ದುವ್ವಾಡದ ಎಕ್ಕದ ತೋಟ

ನರಸಿಂಹಮೂರ್ತಿಗಳಿಗೆ ಬಿ.ಪಿ. ಇಳಿಸಲು ಡಾಕ್ಟರು ಹೇಳಿದ್ದು ನಡಿಗೆ; ಅವರು ಮಾಡಿದ್ದು ಜಪಾನಿ ತೋಟ. ತೆಲುಗು ಸೀಮೆಯಲ್ಲಿ, ಕಡಲಿಗೆ ಹತ್ತಿರದ ದುವ್ವಾಡದ ಬಾಡಿಗೆ ಮನೆಯ ಅಂಗಳಕ್ಕೆ ಬಿಳಿ ಮರಳು ಸುರಿಸಿ, ಕಲ್ಲು ನಿಲ್ಲಿಸಿ, ದ್ವಾರಕಾ ನಗರದ ಬ್ಯಾಂಕಿನಿಂದ ಬಂದ ಮೇಲೆ ದಿನವೂ ಬಾಚಣಿಗೆಯಂತೆ ಹಲ್ಲಿರುವ ಕೋಲು ಹಿಡಿದು ಮರಳಿನಲ್ಲಿ ಅಲೆ ಎಳೆಯುತ್ತಿದ್ದರು. ಉಪ್ಪುಗಾಳಿಗೆ ಜಪಾನಿನ ಗಿಡ ತಾಳದೆಂದು ಇಲ್ಲಿಯವೇ ಲಕ್ಕಿ, ತಂಗಡಿ. ನಟ್ಟನಡುವೆ ಒಂದು ಎಕ್ಕ. ಯಾರಾದರೂ ಅಲೆ ತುಳಿದರೆ, ಶಾಂತಿ ಕೆಟ್ಟಿತೆಂದು ಬೀದಿಗೆ ಕೇಳುವಂತೆ ಕೂಗಾಡುತ್ತಿದ್ದರು.

ಎಕ್ಕದಿಂದಲೇ ಎಡವಟ್ಟಾಯಿತು. ‘ನಿನ್ನ ಮನೇಲಿ ಎಕ್ಕ ಹುಟ್ಟ’ ಎಂದು ಬೈಯುವ ಊರಿನಿಂದ ವರ್ಗವಾಗಿ ಬಂದವರು ಇನ್ನೊಬ್ಬರ ಮನೆ ಬಾಗಿಲಲ್ಲಿ ಅದನ್ನೇ ಕೈಯಾರೆ ನೆಟ್ಟಿದ್ದರು. ಸುದ್ದಿ ಮುಟ್ಟಿದ್ದೇ, ಮನೆಯೊಡತಿ ಭ್ರಮರಾಂಬ ವಿಜಯವಾಡದಿಂದ ರೈಲು ಹತ್ತಿ ಸಂಜೆಗೆ ಬಂದಿಳಿದರು. ಹುಟ್ಟಿದ್ದು ಬಳ್ಳಾರಿ, ಸಿಟ್ಟಿಗೆ ಎರಡು ಭಾಷೆ ಒದಗುತ್ತಿದ್ದವು.

“ಏಮಂಡೀ ಮೂರ್ತಿಗಾರು, ಜಿಲ್ಲೇಡು, ಅದೇ ನಿಮ್ಮ ಎಕ್ಕ, ನಮ್ಮನಿ ಹಾಳಾಗ್ಲಿ ಅಂತ ಹಚ್ಚೀರೇನು?”

“ಇಲ್ಲೀದೇ ಗಿಡ, ಮೇಡಂ. ನೀರೂ ಬೇಕಾಗಲ್ಲ.”

“ಪಾಳುಮನಿಗೆ ಯಾರ್ ನೀರ್ ಹಾಕ್ತಾರ್ರೀ? ನಾಳೆ ಮೇಸ್ತ್ರಿ ಬರ್ತಾನ. ಎಲ್ಲಾ ಕಿತ್ತು ಸಿಮೆಂಟು. ಕಾರಾದ್ರೂ ನಿಲ್ತಾವ.”

ಮೂರ್ತಿಗಳ ಕಿವಿ ಕೆಂಪೇರಿತು. ಹೆಂಡತಿ ಗಿರಿಜಾ ಗಂಡನ ಮುಷ್ಟಿಯಿಂದ ಕೋಲು ಬಿಡಿಸಿಕೊಂಡರು. “ರೀ, ಒಳಗೆ ಬನ್ನಿ. ಮಾತ್ರೆ ತಗೊಂಡ್ರಾ?”

ಬೆಳಗ್ಗೆ ಗೇಟು ಕಿರ್ರೆಂದಾಗ ಮೇಸ್ತ್ರಿಯೆಂದು ಮೂರ್ತಿಗಳು ಓಡಿದರು. ಬಂದದ್ದು ಪಕ್ಕದಮನೆಯ ಅನ್ನಪೂರ್ಣಮ್ಮ, ಕೈಯಲ್ಲಿ ತಟ್ಟೆ. ಅಂದು ರಥಸಪ್ತಮಿ. ತಲೆ, ಹೆಗಲು, ಮಂಡಿ, ಪಾದಗಳ ಮೇಲೆ ಏಳು ಎಕ್ಕದೆಲೆ ಇಟ್ಟುಕೊಂಡು ಮೀಯಬೇಕು. ಇಡೀ ಬೀದಿಗೆ ಇದ್ದದ್ದು ಇದೊಂದೇ ಗಿಡ. ಆಕೆ ಅಲೆಗಳ ಮೇಲೆ ಸೀದಾ ನಡೆದರು. ಹಿಂದೆ ಇನ್ನಷ್ಟು ತಟ್ಟೆ, ಇನ್ನಷ್ಟು ಕಾಲು. ಅವರ ಹಿಂದೆಯೇ ಹಾರೆ ಹೊತ್ತ ಮೇಸ್ತ್ರಿ.

ಮೂರ್ತಿಗಳು ಬಾಯಿ ತೆರೆದರು. ಗಿರಿಜಾ ತೋಳು ಚಿವುಟಿದರು. “ಈಗ ಕೂಗಿದ್ರೋ, ತೋಟ ಹೋಯ್ತು.”

ಬಾಯಿ ಮುಚ್ಚಿತು.

ಎಲ್ಲಿಂದ ಅಗೆಯಲಿ ಎಂದು ಮೇಸ್ತ್ರಿ ಕೇಳಿದ. ರಾತ್ರಿ ಮಹಡಿಯ ಕೋಣೆಯಲ್ಲಿ ತಂಗಿದ್ದ ಭ್ರಮರಾಂಬ ಇಳಿದು ಬಂದರು. ಅವರದೂ ಸ್ನಾನ ಆಗಿರಲಿಲ್ಲ. ಎಲೆ ಬರಿದಾಗುತ್ತಿದ್ದ ಗಿಡದ ಮೇಲೇ ಕಣ್ಣಿತ್ತು. ಕೀಳಿಸಲು ಹೊರಟ ಗಿಡದ್ದೇ ಎಲೆ ಹೇಗೆ ಕೇಳುವುದು?

ಮೂರ್ತಿಗಳು ಉಸಿರು ಬಿಗಿಹಿಡಿದು, ತಾವೇ ಎಳೆದ ಅಲೆಗಳನ್ನು ತುಳಿಯುತ್ತ ಹೋಗಿ, ಮೇಲಿನ ಒಳ್ಳೆಯ ಏಳು ಎಲೆ ಕಿತ್ತು ತಂದರು. “ತಗೊಳ್ಳಿ ಮೇಡಂ. ಹಾಲು ಕಣ್ಣಿಗೆ ತಾಗೀತು, ಜೋಪಾನ.”

“ಮೇಸ್ತ್ರಿ, ನಿಲ್ಲು,” ಎಂದು ಆಕೆ ಒಳಗೆ ಹೋದರು.

ಆ ಸ್ನಾನ ಮುಗಿಯುವವರೆಗೆ ಹಾರೆಯೂ ಮೂರ್ತಿಗಳೂ ಅಲುಗಲಿಲ್ಲ.

ಒದ್ದೆ ಕೂದಲು ಕಟ್ಟುತ್ತ ಬಂದವರು ಗೇಟಿನ ಪಕ್ಕ ಬೆರಳು ತೋರಿದರು. “ಇಲ್ಲಿ ಒಂದು ಕುಣಿ ತೋಡು. ಮೂರ್ತಿಗಾರು, ಇನ್ನೊಂದು ಜಿಲ್ಲೇಡು ಇಲ್ಲಿ ಹಚ್ಚಿರಿ. ಬರೋ ವರ್ಷ ಮಂದಿ ನಿಮ್ಮ ಮರಳು ತುಳೀಬಾರ್ದು, ಪಾಪ.”

ಗಿರಿಜಾ ಕೋಲು ತಂದುಕೊಟ್ಟರು. ಮೂರ್ತಿಗಳು ಅದನ್ನು ಗೋಡೆಗೆ ಒರಗಿಸಿ ಮೆಟ್ಟಿಲ ಮೇಲೆ ಕೂತರು.

“ಇವತ್ತು ಬೇಡ ಕಣೇ. ಎದುರುಮನೆಯೋರು ಇನ್ನೂ ಬರ್ಬೇಕು.”