ಮೇಲಿನ ಐದು ಸ್ವರ

ತಂತಿತಾತನ ಮಗಳು ಪಿಯಾನೋದಲ್ಲಿ ಕೊನೆಯ ಪುಟದ ತೀರ ಮೇಲಿನ ಸ್ವರವನ್ನು ಬಾರಿಸಿದಳು. ಬಾರಿಸಿದ್ದೇ ತಡ, ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ವೇದಿಕೆಯ ಮೂಲೆಯಲ್ಲಿ ಲ್ಯಾಪ್‌ಟಾಪು, ವೈರು, ಪೆಟ್ಟಿಗೆಗಳ ನಡುವೆ ಕೂತಿದ್ದವನೂ ತಲೆ ಎತ್ತಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರನೆಯ ಸಾಲಿನಲ್ಲಿ ಉಪಕರಣದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ತಂತಿತಾತನಿಗೆ ಮಾತ್ರ ಏನೂ ಕೇಳಿಸಲಿಲ್ಲ. ಪಿಯಾನೋದ ಒಳಗಿನ ಸಣ್ಣ ಸುತ್ತಿಗೆ ತಂತಿಗೆ ತಗುಲಿದ ‘ಟಕ್’ ಒಂದು ಕೇಳಿಸಿತು, ಅಷ್ಟೆ. ಆಮೇಲೆ ಸ್ವರ ಇರಬೇಕಾದ ಜಾಗದಲ್ಲಿ ಬರೀ ಬಯಲು.

ತಾತ ಚೀಲವನ್ನು ಎದೆಗೆ ಅವುಚಿಕೊಂಡ.

ನಲವತ್ತೊಂದು ವರ್ಷದಿಂದ ಅವನ ಕಸುಬು ಪಿಯಾನೋ ಶ್ರುತಿ ಮಾಡುವುದು. ತಂತಿತಾತ ಎಂದು ಹೆಸರಿಟ್ಟವರು ಒಂದು ಶಾಲೆಯ ಮಕ್ಕಳು. ಪಾಪ, ಕೂದಲು ನೆರೆಯುವ ಮೊದಲೇ ತಾತನಾಗಿಬಿಟ್ಟಿದ್ದ. ಓದಿದ್ದು ನಾಲ್ಕನೇ ಕ್ಲಾಸು, ಬರೆಯುವುದೆಂದರೆ ಸಹಿ. ಆದರೆ ಯಾವ ಹೋಟೆಲಿನ, ಯಾವ ಶಾಲೆಯ ಪಿಯಾನೋದಲ್ಲಿ ಎಷ್ಟನೆಯ ಬಿರಡೆ ಸಡಿಲ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ಪಿಯಾನೋದಲ್ಲಿ ಇನ್ನೂರಕ್ಕೂ ಮೀರಿ ತಂತಿಗಳು. ಮೇಲಿನ ಒಂದೊಂದು ಸ್ವರಕ್ಕೂ ಮೂರು ಮೂರು. ಆ ಮೂರೂ ಒಂದೇ ತಾಯಿಯ ಮಕ್ಕಳಂತೆ ಒಂದೇ ಮಾತಾಡಬೇಕು. ಒಂದು ಕೂದಲೆಳೆಯಷ್ಟು ವ್ಯತ್ಯಾಸವಾದರೂ ನಾದ ಅಲೆಯಾಡುತ್ತದೆ, ಸೊಳ್ಳೆ ಕಿವಿಯ ಹತ್ತಿರ ಬಂದು ಹೋದ ಹಾಗೆ. ಆ ಅಲೆಯನ್ನು ಕೇಳಿ, ಬಿರಡೆ ತಿರುಗಿಸಿ, ಅಲೆ ನಿಲ್ಲುವವರೆಗೆ ಕಾಯುವುದೇ ಅವನ ಅನ್ನ.

ಎಂಟು ತಿಂಗಳ ಹಿಂದೆ ಒಂದು ದಿನ ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ಹಾಕುವುದು ಮರೆತಿದ್ದ. ಬಾಗಿಲು ತೆಗೆದಿದ್ದರೆ ಅದು ಕುಂಯ್ ಕುಂಯ್ ಎನ್ನುತ್ತದಂತೆ. “ಅಷ್ಟೊತ್ತಿಂದ ಬಡ್ಕೋತಾ ಇದೆ, ಪಕ್ಕದಲ್ಲೇ ನಿಂತಿದೀರಿ, ಕಿವೀಲಿ ಹತ್ತಿ ಇಟ್ಕೊಂಡಿದೀರೇನ್ರೀ?” ಎಂದು ಹೆಂಡತಿ ಬೈದಳು. ಅವಳ ಬೈಗುಳ ಅಕ್ಷರ ಬಿಡದೆ ಕೇಳಿಸಿತು. ಫ್ರಿಜ್ಜಿನದು ಕೇಳಿಸಲಿಲ್ಲ. ಮಾರನೆಯ ಬೆಳಿಗ್ಗೆ ಒಂದು ಶಾಲೆಯ ಪಿಯಾನೋ ಮುಂದೆ ಒಬ್ಬನೇ ಕೂತು ಕೆಳಗಿಂದ ಒಂದೊಂದಾಗಿ ಬಾರಿಸುತ್ತ ಹೋದ. ತುದಿಯ ಐದು ಸ್ವರಗಳಿಗೆ ಬಂದಾಗ ದಾರಿ ಮುಗಿದುಹೋಗಿತ್ತು.

ಯಾರಿಗೂ ಹೇಳಲಿಲ್ಲ. ಕಿವಿ ಹೋದ ಶ್ರುತಿಗಾರನನ್ನು ಯಾರು ಕರೆಯುತ್ತಾರೆ? ಕೈಯ ಅಂದಾಜಿನಲ್ಲೇ ಮೇಲಿನ ಐದನ್ನು ಕಟ್ಟುತ್ತ ಬಂದ. ಬಿರಡೆ ಎಷ್ಟು ಬಿಗಿಯಾದರೆ ಸರಿ ಎಂದು ಮಣಿಕಟ್ಟು ಹೇಳುತ್ತಿತ್ತು. ಮಣಿಕಟ್ಟು ಹೇಳಿದ್ದು ನಿಜವೋ ಸುಳ್ಳೋ ನೋಡಲು ಕಿವಿ ಇರಲಿಲ್ಲ. ಯಾರೂ ದೂರು ಹೇಳಲಿಲ್ಲ ಎಂಬುದೊಂದು ಧೈರ್ಯ. ಆ ತುದಿಗೆ ಯಾರು ಬರುತ್ತಾರೆ? ಮಕ್ಕಳು ಕೀಟಲೆಗೆ ಕುಟ್ಟಿ ಓಡುತ್ತಾರೆ. ಆದರೆ ಹೆತ್ತ ಮಗಳೇ ಹೋಗಿ ಆ ತುದಿಯಲ್ಲಿ ಮನೆ ಕಟ್ಟಿದ್ದಳು.

ಅವಳು ಎರಡು ವರ್ಷ ಕೂತು ಬರೆದ ಸಂಗೀತ ಅದು, ಪಿಯಾನೋಕ್ಕೂ ಕಂಪ್ಯೂಟರಿಗೂ ಸೇರಿಸಿ. ಪಿಯಾನೋದ ಹೊಟ್ಟೆಯಲ್ಲಿ ಎರಡು ಮೈಕು. ಅವಳು ಬಾರಿಸಿದ್ದನ್ನು ಕಂಪ್ಯೂಟರು ಹಿಡಿದು, ಹಿಗ್ಗಿಸಿ, ಜನರ ಸುತ್ತ ನಿಲ್ಲಿಸಿದ ಎಂಟು ಸ್ಪೀಕರುಗಳಿಂದ ತಿರುಗಿ ಕೊಡುತ್ತಿತ್ತು. ಕೊನೆಯ ನಾಲ್ಕು ನಿಮಿಷ ಬರೀ ಮೇಲಿನ ಐದು ಸ್ವರ, ನಿಧಾನಕ್ಕೆ, ಒಂದಾದ ಮೇಲೆ ಒಂದು. ಅದೇ ಎತ್ತರದ ಇನ್ನೊಂದು ನಾದ ಕಂಪ್ಯೂಟರಿನಿಂದ ಹುಟ್ಟಿ ಬಂದು ಅದರೊಳಗೆ ಸೇರಬೇಕು. ಯಾವುದು ತಂತಿ, ಯಾವುದು ಯಂತ್ರ ಎಂದು ಗೊತ್ತಾಗಬಾರದು. ಆರೂವರೆಗೆ ಕಛೇರಿ. ಈಗ ನಾಲ್ಕೂ ಮುಕ್ಕಾಲು ದಾಟಿತ್ತು.

“ಅಪ್ಪಾ, ಮೇಲಿಂದು ಯಾಕೋ ಶ್ರುತಿಗೆ ಕೂಡ್ತಿಲ್ಲ, ಕಚ್ತಾ ಇದೆ,” ಎಂದಳು ಮಗಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಾತನ ಕೈ ತಾನಾಗಿ ಕಿವಿಗೆ ಹೋಯಿತು. ತುರಿಸಿಕೊಂಡವನ ಹಾಗೆ ಮಾಡಿ ಕೈ ಇಳಿಸಿದ. “ನಿನ್ನ ಕಂಪ್ಯೂಟರ್ ಡಬ್ಬೀದು ಕಚ್ತಿರ್ಬೇಕು ನೋಡು.”

“ಡಬ್ಬಿ ಬೆಳಿಗ್ಗೆ ಹೇಗಿತ್ತೋ ಹಾಗೇ ಇದೆ ತಾತ,” ಎಂದ ಮೂಲೆಯವನು. ಐವತ್ತು ದಾಟಿದ, ತಲೆ ಪೂರ್ತಿ ಬೋಳಾದ ಮನುಷ್ಯ. ಕಂಪ್ಯೂಟರಿನ ಭಾಗ ನಡೆಸುವವನು ಅವನೇ. ತಾತ ಅವನಿಗೆ ಡಬ್ಬಿಯವನು ಎಂದು ಹೆಸರಿಟ್ಟಿದ್ದ. “ಅದಕ್ಕೇನು ನಮ್ಮ ಹಾಗೆ ವಯಸ್ಸಾಗುತ್ತಾ?”

ಬರೀ ತಮಾಷೆಗೆ ಅಂದದ್ದು. ತಾತನಿಗೆ ಎದೆಯಲ್ಲಿ ಮುಳ್ಳು ಮುರಿದಂತಾಯಿತು. ಹೆದರಿದವನ ನಾಲಿಗೆಗೆ ಎಲ್ಲಿಲ್ಲದ ಚುರುಕು ಬರುತ್ತದೆ. “ನೋಡು ಪುಟ್ಟೀ, ಪಿಯಾನೋದ ಮೇಲಿನ ಸ್ವರಾನ ಲೆಕ್ಕಕ್ಕಿಂತ ಒಂಚೂರು ಏರಿಸೇ ಕಟ್ಟೋದು. ಲೆಕ್ಕಕ್ಕೆ ಸರಿಯಾಗಿ ಕಟ್ಟಿದ್ರೆ ಮನುಷ್ಯನ ಕಿವಿಗೆ ಇಳಿದ ಹಾಗೆ ಕೇಳುತ್ತೆ. ಹಿಂದಿನಿಂದ ಬಂದ ಪದ್ಧತಿ. ನಿಮ್ಮ ಡಬ್ಬಿ ಲೆಕ್ಕ ಬಿಟ್ಟು ಅಲ್ಲಾಡಲ್ಲ. ಎರಡೂ ಹೇಗೆ ಕೂಡ್ತಾವೆ?”

ಇದರಲ್ಲಿ ಸುಳ್ಳೊಂದೂ ಇರಲಿಲ್ಲ. ಮಗಳು ಹಣೆ ಚಚ್ಚಿಕೊಂಡಳು. “ಅಯ್ಯೋ, ನಂದೇ ತಪ್ಪು! ಅಷ್ಟೂ ನಾದ ಲೆಕ್ಕದ ಪ್ರಕಾರಾನೇ ಮಾಡಿಟ್ಟಿದೀನಿ. ಅಪ್ಪ ಇಲ್ಲದಿದ್ರೆ ಮರ್ಯಾದೆ ಹೋಗ್ತಿತ್ತು.” ಡಬ್ಬಿಯವನ ಕಡೆ ತಿರುಗಿ, “ಒಂದೊಂದೇ ಸ್ವರ ಅಳೆದು, ಅದು ಎಲ್ಲಿದೆಯೋ ಅಲ್ಲಿಗೆ ನಮ್ಮ ನಾದ ಏರಿಸಿಬಿಡಿ. ನಾನು ಬಟ್ಟೆ ಬದಲಾಯಿಸಿ ಬರ್ತೀನಿ,” ಎಂದು ಒಳಗೆ ಹೋದಳು.

ಅಳೆಯುವುದು! ಬಾಯಿಬಿಟ್ಟು ತಾನೇ ತೋಡಿದ ಹಳ್ಳ. ಡಬ್ಬಿಯವನು ಒಂದು ಕೀ ಒತ್ತಿದ, ತೆರೆ ನೋಡಿದ. ಇನ್ನೊಂದು ಒತ್ತಿದ, ನೋಡಿದ. ಮತ್ತೆ ಮೊದಲಿನದಕ್ಕೇ ಬಂದ. ತಾತ ತೆರೆ ನೋಡಲಿಲ್ಲ. ನ್ಯಾಯಾಧೀಶನ ಮುಂದೆ ನಿಂತವನ ಹಾಗೆ ಆ ಬೋಳು ತಲೆಯನ್ನೇ ನೋಡುತ್ತ ನಿಂತ. ಐದೂ ಮುಗಿದ ಮೇಲೆ ಡಬ್ಬಿಯವನು ಮೆಲ್ಲಗೆ ಹೇಳಿದ.

“ತಾತ, ಎಲ್ಲಾ ಮೇಲಿದ್ರೆ ನೀವು ಹೇಳಿದ್ದು ಸರಿ. ಇಲ್ಲಿ ಎರಡು ಮೇಲಿದೆ, ಎರಡು ಕೆಳಗಿದೆ. ಕೊನೇದಂತೂ ತಿರುಪತಿಗೊಂದು, ಕಾಶಿಗೊಂದು ದಾರಿ. ಅದರ ಮೂರು ತಂತೀನೂ ಬೇರೆ ಬೇರೆ.”

ತಾತ ಪಿಯಾನೋದ ಅಂಚಿನ ಧೂಳು ಒರೆಸಿದ.

“ಯಾವಾಗಿಂದ ಕೇಳ್ತಿಲ್ಲ?”

ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. “ನೀನೇ ಏನಾದ್ರೂ ಮಾಡಪ್ಪ. ನಿನ್ನ ನಾದಾನೇ ಸೊಟ್ಟ ಮಾಡು. ಪಿಯಾನೋ ಎಷ್ಟು ಸೊಟ್ಟ ಇದೆಯೋ ಅಷ್ಟಕ್ಕೆ. ಅವಳಿಗೆ ಗೊತ್ತಾಗಬಾರ್ದು.”

“ಒಂದು ಸ್ವರ ಒಂದು ಕಡೆ ಇದ್ರೆ ಮಾಡ್ಬೋದು. ಮೂರು ತಂತಿ ಮೂರು ಕಡೆ ಇದ್ರೆ ನನ್ನದನ್ನ ಎಲ್ಲಿಡ್ಲಿ? ಅದೂ ಎಂಟು ಸ್ಪೀಕರಲ್ಲಿ. ಇಲ್ಲಿ ಸೊಳ್ಳೆ ಇದ್ರೆ ಅಲ್ಲಿ ಆನೆ ಆಗುತ್ತೆ ತಾತ. ತಂತೀನೇ ಸರಿಮಾಡ್ಬೇಕು. ತೆರೆ ನೋಡಿ ನಾನು ಹತ್ತಿರದವರೆಗೆ ಹೇಳ್ತೀನಿ, ಆದರೆ ಇಷ್ಟು ಗಿಡ್ಡ ತಂತೀದು ನಾದ ಕಣ್ಣು ಮಿಟುಕಿಸೋದ್ರೊಳಗೆ ಸತ್ತುಹೋಗುತ್ತೆ, ಅಂಕಿ ನಿಲ್ಲೋದೇ ಇಲ್ಲ. ಕೊನೇ ಕೂದಲೆಳೆಗೆ ಕಿವೀನೇ ಬೇಕು.”

“ನಿನಗಿದೆಯಲ್ಲ ಕಿವಿ!”

“ಮೂವತ್ತು ವರ್ಷ ಸ್ಪೀಕರ್ ಮುಂದೆ ಕೂತ ಕಿವಿ ಇದು. ಕಚ್ತಾ ಇದೆ ಅಂತ ಗೊತ್ತಾಗುತ್ತೆ, ಯಾವ ಕಡೆಗೆ ಅಂತ ಗೊತ್ತಾಗಲ್ಲ. ನಿಮ್ಮದು ಬಾಗಿಲು ಹಾಕಿದೆ, ನಂದು ಅರ್ಧ ಹಾಕಿದೆ. ಒಳಗಿರೋರು ಒಬ್ಬರೇ.” ಡಬ್ಬಿಯವನು ಮಗಳಿದ್ದ ಮೇಕಪ್ ಕೋಣೆಯ ಕಡೆಗೆ ಕಣ್ಣಿನಲ್ಲೇ ಸನ್ನೆ ಮಾಡಿದ.

ಐದು ಗಂಟೆ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಸಭಾಂಗಣದ ಮ್ಯಾನೇಜರಮ್ಮ ಬೀಗದಕೈ ಗೊಂಚಲು ಆಡಿಸುತ್ತ ಬಂದು, “ಆರಕ್ಕೆ ಬಾಗಿಲು ತೆಗೀತೀನಿ ತಾತ. ಆಮೇಲೆ ವೇದಿಕೆ ಮೇಲೆ ಯಾರೂ ಕಾಣಬಾರ್ದು,” ಎಂದು ಹೇಳಿ ಹೋದಳು. ಆ ಪಿಯಾನೋ ಅವಳ ಉಸ್ತುವಾರಿ. ಹದಿನೆಂಟು ವರ್ಷದಿಂದ ತಾತನನ್ನು ಬಿಟ್ಟು ಬೇರೆಯವರ ಕೈಗೆ ಅದನ್ನು ಕೊಟ್ಟವಳಲ್ಲ.

ವೇದಿಕೆಯಿಂದ ಮೇಕಪ್ ಕೋಣೆಗೆ ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆಯಲ್ಲಿ ತಾತ ಮೂರು ಸಲ ನಿಂತ. ಬೈದರೆ ಸಹಿಸಬಹುದು. ಅಳತೊಡಗಿದರೆ? ಗಾಬರಿಯಾಗಿ, ಇವತ್ತು ಬಾರಿಸುವುದೇ ಇಲ್ಲ ಎಂದರೆ? ಎರಡು ವರ್ಷದ ಕೆಲಸ ತನ್ನ ಬಾಯಿಂದ ಹೊರಡುವ ಒಂದು ಮಾತಿಗೆ ಮಣ್ಣುಪಾಲಾದರೆ? ಹೇಳದಿದ್ದರೂ ಮಣ್ಣುಪಾಲೇ, ಮುನ್ನೂರು ಜನರ ಎದುರಿಗೆ.

ಮಗಳು ಕನ್ನಡಿ ಮುಂದೆ ನಿಂತು, ಹೇರ್‌ಪಿನ್ನು ಬಾಯಲ್ಲಿ ಕಚ್ಚಿಕೊಂಡು ತುರುಬು ಕಟ್ಟುತ್ತಿದ್ದಳು.

“ಪುಟ್ಟೀ.”

“ಹೂಂ.”

“ಮೇಲಿನ ಐದು ನನಗೆ ಕೇಳ್ಸಲ್ಲ.”

ಪಿನ್ನು ಕೆಳಗೆ ಬಿತ್ತು. “ಇವತ್ತಾ?”

“ಎಂಟು ತಿಂಗಳಿಂದ.”

“ಅಮ್ಮನಿಗೆ ಗೊತ್ತಾ?”

“ಹೇಳಿಲ್ಲ. ಅವಳಿಗೆ ಹೇಳದೇನೇ ಎಲ್ಲಾ ಗೊತ್ತಿರುತ್ತಲ್ಲ.”

“ಮತ್ತೆ ಆಗ ಅಷ್ಟುದ್ದ ಪಾಠ ಹೇಳಿದ್ಯಲ್ಲ, ಏರಿಸಿ ಕಟ್ಟೋದು, ಮನುಷ್ಯನ ಕಿವಿ, ಪದ್ಧತಿ...”

“ಅದೆಲ್ಲಾ ನಿಜಾನೇ. ನಿಜ ಹೇಳಿ ಮುಚ್ಚಿಟ್ಟೆ.”

ಮಗಳ ಮುಖ ಬಿಳಿಚಿಕೊಂಡಿತು. ಅರ್ಧ ಕಟ್ಟಿದ ತುರುಬು ಬಿಚ್ಚಿ ಹೆಗಲ ಮೇಲೆ ಬಿದ್ದದ್ದೂ ಅವಳಿಗೆ ಗೊತ್ತಾಗಲಿಲ್ಲ. ಅಷ್ಟು ಹೊತ್ತು ತನ್ನೊಬ್ಬನ ಎದೆಯಲ್ಲಿದ್ದ ಭಯ ಅವಳ ಕಣ್ಣಿಗೆ ಇಳಿದದ್ದನ್ನು ತಾತ ಕಂಡ. ಹಂಚಿಕೊಂಡರೆ ಅರ್ಧವಾಗುತ್ತದೆ ಎನ್ನುತ್ತಾರೆ. ಅದು ಎರಡಾಗಿತ್ತು.

“ಬೈಯೋಕೆ ಈಗ ಟೈಮಿಲ್ಲ,” ಎಂದಳು ಅವಳು. “ನಡಿ. ನಾನು ಕೇಳ್ತೀನಿ, ನೀನು ತಿರುಗಿಸು.”

ಐದು ಸ್ವರ, ಹದಿನೈದು ತಂತಿ, ಮೂವತ್ತೈದು ನಿಮಿಷ. ತಾತ ಉಣ್ಣೆಯ ಪಟ್ಟಿ ಸಿಕ್ಕಿಸಿ ಎರಡು ತಂತಿಗಳ ಬಾಯಿ ಮುಚ್ಚಿದ, ಮೂರನೆಯದರ ಬಿರಡೆಗೆ ಹಿಡಿಕೆ ಹಾಕಿದ. ಡಬ್ಬಿಯವನು ತೆರೆಯ ಅಂಕಿ ಕೂಗಿದ. ಮಗಳು ಒಂದೇ ಕೀಯನ್ನು ಮತ್ತೆ ಮತ್ತೆ ಒತ್ತುತ್ತ, ಕಣ್ಣು ಮುಚ್ಚಿ ಹೇಳತೊಡಗಿದಳು.

“ಏರಿಸು. ಇನ್ನೂ. ಹಾಂ, ಜಾಸ್ತಿ ಆಯ್ತು, ಇಳಿಸು. ಅಪ್ಪಾ, ಮೆಲ್ಲಗೆ!”

ಮೆಲ್ಲಗೆ ಎಂದರೆ ಕೈ ಕೇಳಬೇಕಲ್ಲ. ಆ ತಂತಿಗಳು ಗೇಣುದ್ದಕ್ಕಿಂತ ಗಿಡ್ಡ. ಹಿಂದೆ ಮುಂದೆ ಎಳೆದಾಡಿದರೆ ಪಟ್ಟನೆ ಕಡಿದುಹೋಗುತ್ತವೆ. ಕಡಿದರೆ ಹೊಸದು ಕಟ್ಟಿ ನಿಲ್ಲಿಸಲು ಅರ್ಧ ದಿನ ಬೇಕು. ಒಂದೊಂದು ಸಲ ಹಿಡಿಕೆ ತಿರುಗಿಸುವಾಗಲೂ ತಾತನ ಜೀವ ಬಾಯಿಗೆ ಬರುತ್ತಿತ್ತು. ಕುರುಡನಿಗೆ ರಸ್ತೆ ದಾಟಿಸುವವರು ಕೈ ಹಿಡಿದುಕೊಳ್ಳುತ್ತಾರೆ. ಇಲ್ಲಿ ಹಿಡಿದುಕೊಳ್ಳಲು ಮಗಳ ಮಾತು ಬಿಟ್ಟು ಬೇರೇನೂ ಇರಲಿಲ್ಲ. “ಸರಿ” ಎಂದಳೆಂದರೆ ಸರಿ. ಅವಳು ಗಾಬರಿಯಲ್ಲಿ ಸರಿಯಲ್ಲದ್ದನ್ನು ಸರಿ ಎಂದರೂ ಸರಿಯೇ.

ನಾಲ್ಕು ಸ್ವರ ನಿಂತವು. ಐದನೆಯದು ನಿಲ್ಲಲಿಲ್ಲ. ಎರಡು ತಂತಿ ಒಂದಾದವು, ಮೂರನೆಯದರ ಬಿರಡೆ ಸಡಿಲ. ಸರಿಗೆ ತಂದು ಕೈಬಿಟ್ಟರೆ, ನಾಲ್ಕು ಸಲ ಬಾರಿಸುವುದರೊಳಗೆ ಜಾರುತ್ತಿತ್ತು. ಹೊರಗೆ ಜನರ ಗುಜುಗುಜು. ಮ್ಯಾನೇಜರಮ್ಮ ಬಾಗಿಲಿನಿಂದ ತಲೆ ಹಾಕಿ, “ಐದೇ ನಿಮಿಷ!” ಎಂದಳು.

“ಈ ಸ್ವರ ಬಿಟ್ಟೇ ಬಾರಿಸ್ಲಾ?” ಎಂದಳು ಮಗಳು. ಕಣ್ಣಲ್ಲಿ ನೀರಾಡುತ್ತಿತ್ತು. “ಅದರಲ್ಲೇ ಮುಗಿಯೋದು ಅಪ್ಪಾ.”

ತಾತ ಚೀಲಕ್ಕೆ ಕೈ ಹಾಕಿ ಉಣ್ಣೆಯ ಇನ್ನೊಂದು ಚೂರು ಕತ್ತರಿಸಿದ. ಜಾರುವ ತಂತಿಗೂ ಅದರಾಚೆಯ ಪಿಯಾನೋ ಪೆಟ್ಟಿಗೆಯ ಮರದ ಅಂಚಿಗೂ ನಡುವೆ ಬಿಗಿಯಾಗಿ ತುರುಕಿದ. “ಇದು ಮಾತಾಡೋದೇ ಬೇಡ. ಎರಡೇ ಸಾಕು.”

“ಸದ್ದು ಕಮ್ಮಿ ಆಗುತ್ತೆ.”

“ಮೈಕ್ ಇರೋದು ಯಾತಕ್ಕೆ ಮೇಡಂ?” ಎಂದ ಡಬ್ಬಿಯವನು. “ಆ ಒಂದು ಸ್ವರಕ್ಕೆ ನಾನು ಎತ್ತಿಕೊಡ್ತೀನಿ. ನೀವು ಹೋಗಿ ತುರುಬು ಕಟ್ಕೊಳ್ಳಿ, ದೆವ್ವದ ಹಾಗೆ ಕಾಣ್ತಿದೀರಿ.”

ಮೂವರೂ ನಕ್ಕರು, ನಗು ಬಾಯಿ ದಾಟಲಿಲ್ಲ.

ಕಛೇರಿ ಶುರುವಾದಾಗ ತಾತ ಪಕ್ಕದ ಪರದೆಯ ಹಿಂದೆ ನಿಂತಿದ್ದ. ಮೊದಲ ಇಪ್ಪತ್ತು ನಿಮಿಷ ಎಲ್ಲಾ ಕೇಳಿಸಿತು. ಕೆಳಗಿನ ತಂತಿಗಳ ಗುಡುಗು, ಅದನ್ನು ಯಂತ್ರ ಹಿಡಿದು ಸಭಾಂಗಣದ ಸುತ್ತ ಉರುಳಿಸಿದ್ದು, ಮಗಳ ಎಡಗೈ ಬಲಗೈಯನ್ನು ಅಟ್ಟಿಸಿಕೊಂಡು ಹೋದದ್ದು. ಆಮೇಲೆ ಅವಳ ಕೈ ಬಲತುದಿಗೆ ಸರಿಯಿತು. ಟಕ್. ಬಯಲು. ಮತ್ತೆ ಟಕ್. ಯಾವುದಾದರೂ ಬಿರಡೆ ಜಾರಿದೆಯೋ? ಉಣ್ಣೆಯ ಚೂರು ಕಳಚಿ ಬಿದ್ದಿದೆಯೋ? ತಾತನಿಗೆ ತಿಳಿಯುವಂತಿರಲಿಲ್ಲ. ಮಗಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಮುಗಿಯಿತೇ? ಯಾರೂ ಅಲ್ಲಾಡಲಿಲ್ಲ. ಮುನ್ನೂರು ಜನ ಉಸಿರು ಹಿಡಿದು ಏನನ್ನೋ ಕೇಳುತ್ತಿದ್ದರು. ಎಲ್ಲರೂ ಒಂದು ಮನೆಯೊಳಗಿದ್ದರು, ಅವನೊಬ್ಬ ಹೊರಗಿದ್ದ. ಆ ದಿನದ ಭಯಗಳಲ್ಲೆಲ್ಲ ಅದೇ ದೊಡ್ಡದಾಗಿತ್ತು.

ಆಮೇಲೆ ಚಪ್ಪಾಳೆ ಬಿತ್ತು. ಒಂದೇ ಸಮ, ಜೋರಾಗಿ. ಒಳ್ಳೆಯದಾಯಿತೆಂದು ಹೊಡೆದದ್ದೋ, ಮರ್ಯಾದೆಗೆ ಹೊಡೆದದ್ದೋ, ಅದನ್ನೂ ಇನ್ನೊಬ್ಬರನ್ನು ಕೇಳಿಯೇ ತಿಳಿಯಬೇಕು.

ಮ್ಯಾನೇಜರಮ್ಮ ಪರದೆ ಸರಿಸಿ ಬಂದಳು. “ತಾತ, ಬುಧವಾರ ಹೊರಗಿನಿಂದ ದೊಡ್ಡ ಪಿಯಾನಿಸ್ಟ್ ಬರ್ತಿದಾರೆ. ಬೆಳಿಗ್ಗೆ ಎಂಟಕ್ಕೆಲ್ಲ ಬಂದು ಶ್ರುತಿ ಮಾಡಿಬಿಡಿ.”

“ಬರೋಕಾಗಲ್ಲಮ್ಮ.”

“ಯಾಕೆ, ಬೇರೆ ಕಡೆ ಒಪ್ಕೊಂಡಿದೀರಾ?”

ಹೂಂ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಬುಧವಾರ ತಪ್ಪುತ್ತಿತ್ತು, ಹದಿನೆಂಟು ವರ್ಷದ ಹೆಸರು ಉಳಿಯುತ್ತಿತ್ತು.

“ಮೇಲಿನ ಸ್ವರ ನನಗೆ ಕೇಳ್ಸಲ್ಲ.”

“ಏನಂದ್ರಿ?” ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಅವಳು ಬಗ್ಗಿ ಅವನ ಬಾಯಿಯ ಹತ್ತಿರ ಕಿವಿ ತಂದಳು. “ಈ ಗಲಾಟೇಲಿ ಏನೂ ಕೇಳ್ತಿಲ್ಲ, ಜೋರಾಗಿ ಹೇಳಿ.”

ತಾತ ಪರದೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡು, ಜೋರಾಗಿ ಹೇಳಿದ.