ಮೋಡದಲ್ಲಿಟ್ಟ ವಿಳಾಸ

ಕೆ.ಆರ್. ಪೇಟೆಯ ಬಸ್‌ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿಯ ಮಹಡಿ ಮೇಲೆ ಕಂಪ್ಯೂಟರ್ ಸೆಂಟರ್ ತೆರೆದದ್ದು ತೊಂಬತ್ತೆಂಟರಲ್ಲಿ. ಇಂಟರ್‌ನೆಟ್ ಇದ್ದದ್ದು ಒಂದೇ ಮಿಷನ್ನಿಗೆ. ಅದು ಮೈಸೂರಿಗೆ ಫೋನು ಮಾಡಿ, ಕೀರಲು ದನಿಯಲ್ಲಿ ಗೋಗರೆದು, ಲೈನು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಅಕ್ಕಿಹೆಬ್ಬಾಳಿನ ಮಮತ ಪಿಯುಸಿ ಮುಗಿಸಿ ಅಲ್ಲಿಗೆ ಸೇರಿದಳು. ಕಂಪ್ಯೂಟರ್ ಕಲಿತ ಹುಡುಗಿಗೆ ಒಳ್ಳೆಯ ಗಂಡು ಸಿಗುತ್ತೆ ಅನ್ನೋದು ಅವಳಪ್ಪ ಚಿಕ್ಕಸಿದ್ದಯ್ಯನ ಲೆಕ್ಕಾಚಾರ. ಮಗಳ ಲೆಕ್ಕಾಚಾರವೇ ಬೇರೆ.

ಅವಳಿಗೆ ಬೇಕಾಗಿದ್ದದ್ದು ಅಕ್ಕ. ಪ್ರಮೀಳಾ ಬೇರೆ ಜಾತಿಯ ಹುಡುಗನನ್ನು ಕಟ್ಟಿಕೊಂಡು ಪುಣೆಗೆ ಹೋದ ಮೇಲೆ ಅವಳ ಹೆಸರು ಮನೆಯಲ್ಲಿ ಯಾರ ಬಾಯಲ್ಲೂ ಬರಕೂಡದೆಂದು ಚಿಕ್ಕಸಿದ್ದಯ್ಯ ಕಟ್ಟಪ್ಪಣೆ ಮಾಡಿದ್ದ. ಅವಳ ಕಾಗದ ಬಂದರೆ ಜಗಲಿ ಮೇಲೆ ಕೂತ ಅವನ ಕೈಗೆ, ಅಲ್ಲಿಂದ ನೆಟ್ಟಗೆ ನೀರೊಲೆಗೆ. ಅವ್ವ ಸರಸಮ್ಮ ಒಲೆ ಮುಂದೆ ಅಳುವಳು, ಯಾರಾದರೂ ಕೇಳಿದರೆ ಹೊಗೆ ಅನ್ನುವಳು. ಪ್ರಮೀಳಾಳ ಗಂಡ ಕಂಪ್ಯೂಟರ್ ರಿಪೇರಿಯವನು. ಹೋಗುವ ಮೊದಲು ಅವಳು ಅವನ ಅಂಗಡಿಯ ಇ-ಮೇಲ್ ವಿಳಾಸವನ್ನು ತಂಗಿಗೆ ಬಾಯಿಪಾಠ ಮಾಡಿಸಿದ್ದಳು. ಸೆಂಟರಿನಲ್ಲಿ ಮಮತ ತನ್ನದೊಂದು ಇ-ಮೇಲ್ ಪೆಟ್ಟಿಗೆ ಮಾಡಿಕೊಂಡಳು, ಹೀಗಾಗಿ ಅಪ್ಪನ ಕೈ ದಾಟಿ ಕಾಗದ ಓಡಾಡತೊಡಗಿತು.

ಈ ಕಾಗದಗಳು ಇರೋದೆಲ್ಲಿ ಅಂತ ಮಮತ ಒಂದು ದಿನ ಮಾಸ್ತರು ಕಿಶನ್‌ನನ್ನು ಕೇಳಿದಳು. ಅವನು ಬೋರ್ಡಿನ ಮೇಲೆ ಒಂದು ಮೋಡ ಬರೆದ. ಪುಸ್ತಕದಲ್ಲೂ ಹಾಗೇ ಬರೆದಿರುತ್ತಾರೆ. ಈ ಮಿಷನ್ನಿನಲ್ಲಿ ಏನೂ ಇಲ್ಲ, ಎಲ್ಲ ಆ ಮೋಡದಾಚೆ ಎಲ್ಲೋ ಇರುವ ಕಂಪ್ಯೂಟರಿನಲ್ಲಿ, ಯಾವ ಊರಿಂದ ಬೇಕಾದರೂ ತೆಗೆದು ಓದಬಹುದು ಅಂದ. ಮಮತಳಿಗೆ ಅದು ಚೆನ್ನಾಗಿ ಅರ್ಥವಾಯಿತು, ಅರ್ಥವಾಗಬಾರದ ರೀತಿಯಲ್ಲಿ. ಅವರ ಮನೆ ಮುಂದೆ ತಾತನ ಕಾಲದ ಹಗೇವಿತ್ತು, ನೆಲದೊಳಗೆ ರಾಗಿ ತುಂಬಿಡುವ ಗುಂಡಿ. ಅದರ ಬಾಯಿ ಮುಚ್ಚಿದರೆ ಮುಗಿಯಿತು, ಎಷ್ಟು ವರ್ಷವಾದರೂ ಕಾಳು ಕೆಡುವುದಿಲ್ಲ. ಕೆಡುವುದು ಪದೇ ಪದೇ ತೆಗೆದು ಗಾಳಿಯಾಡಿಸಿದಾಗ. ಇದೂ ಅಂಥದ್ದೇ ಅಂದುಕೊಂಡಳು.

ಕೋರ್ಸು ಮುಗಿಯುವ ಹೊತ್ತಿಗೆ ಅಕ್ಕನ ದೊಡ್ಡ ಕಾಗದ ಬಂತು. ಹಳೆ ಅಂಗಡಿ ಬಿಟ್ಟಿದ್ದಾರೆ, ಮನೆ ಬದಲಾಯಿಸಿದ್ದಾರೆ. ಹೊಸ ಮನೆಯ ವಿಳಾಸ, ಹೊಸ ಇ-ಮೇಲ್, ಪಕ್ಕದ ಮನೆಯ ಫೋನ್ ನಂಬರು ಎಲ್ಲ ಅದರಲ್ಲಿತ್ತು. ಮಮತ ಬರೆದುಕೊಳ್ಳಲಿಲ್ಲ. ಚೀಟಿ ಅಪ್ಪನ ಕೈಗೆ ಸಿಕ್ಕರೆ ಇದ್ದದ್ದೂ ಹೋಗುತ್ತೆ. ಭದ್ರವಾಗಿದೆಯಲ್ಲ, ಬೇಕಾದಾಗ ತೆಗೆದರಾಯಿತು ಅಂತ ಮುಚ್ಚಿಟ್ಟು ಊರಿಗೆ ಬಂದುಬಿಟ್ಟಳು.

ಕಬ್ಬು ಕಡಿದದ್ದಾಯಿತು, ಗದ್ದೆ ನಾಟಿಯೂ ಆಯಿತು. ಅಷ್ಟರಲ್ಲಿ ಅವ್ವನ ಕಿಡ್ನಿ ಕೈಕೊಟ್ಟಿತು. ಮೈಸೂರಿನ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಅಂದರು. ಆ ಮಾತಿಗೆ ಅರ್ಥ ಬೇರೆ ಹೇಳಬೇಕಾಗಿಲ್ಲ. ಸರಸಮ್ಮ ಬೇರೇನೂ ಕೇಳಲಿಲ್ಲ, ದೊಡ್ಡವಳನ್ನೊಮ್ಮೆ ನೋಡಬೇಕು ಅಂದಳು, ಅಷ್ಟೇ.

ಚಿಕ್ಕಸಿದ್ದಯ್ಯ ಬೆಳಗಿನ ತನಕ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಎದ್ದವನೇ ಕಿರಿಮಗಳಿಗೆ, "ಅವಳ್ನ ಕರುಸವ್ವ," ಅಂದ. ಮಮತಳಿಗೆ ಜೀವ ಬಂದಂತಾಯಿತು. ವಿಳಾಸ ತನ್ನ ಹತ್ತಿರ ಇದೆ ಅಂತ ಹೆಮ್ಮೆಯಿಂದಲೇ ಹೇಳಿದಳು.

ಅಪ್ಪ ಮಗಳು ಪೇಟೆಗೆ ಬಂದರು. ಕಿಶನ್ ಲೈನು ಹಿಡಿದ, ಮಮತ ಪಾಸ್‌ವರ್ಡ್ ಒತ್ತಿದಳು. ಪೆಟ್ಟಿಗೆ ತೆರೆಯಿತು, ಒಳಗೆ ಏನೂ ಇರಲಿಲ್ಲ. ಬಹಳ ಕಾಲ ಯಾರೂ ತೆರೆಯದ್ದರಿಂದ ಎಲ್ಲ ಅಳಿಸಿದ್ದೇವೆ, ಈಗ ಹೊಸದಾಗಿ ಶುರುಮಾಡಬಹುದು ಅಂತ ಇಂಗ್ಲಿಷಿನಲ್ಲಿ ಎರಡು ಸಾಲಿತ್ತು. ಕಿಶನ್ ಅದನ್ನು ಕನ್ನಡದಲ್ಲಿ ಹೇಳುವಷ್ಟರಲ್ಲಿ ಮಮತ ಅವನ ಕಡೆ ತಿರುಗಿದಳು. ಆಗಾಗ ತೆರೀತಿರಬೇಕು ಅಂತ ಹೇಳಲಿಲ್ಲವಲ್ಲ ಸಾರ್ ಅಂದಳು. ತೆರೆಯದೆ ಯಾರಾದರೂ ಇರ್ತಾರಾ ಅಂತ ಅವನು ಬೆಪ್ಪಾದ. ಬಾಯಿಪಾಠದ ಹಳೆ ವಿಳಾಸಕ್ಕೆ ಬರೆದರು, ಅಂಥವರು ಇಲ್ಲ ಅಂತ ವಾಪಸು ಬಂತು.

ಚಿಕ್ಕಸಿದ್ದಯ್ಯ ತಾಲ್ಲೂಕು ಆಫೀಸು, ಸೊಸೈಟಿ, ಕರೆಂಟ್ ಆಫೀಸು ಎಲ್ಲ ಕಂಡವನು. ಮುಚ್ಚಿದ ಬಾಗಿಲ ಹಿಂದೆ ಒಬ್ಬ ಮನುಷ್ಯ ಇದ್ದೇ ಇರುತ್ತಾನೆ ಅಂತ ನಂಬಿದವನು.

"ಇದುರ್ ಯಜಮಾನ ಯಾರಪ್ಪ?" ಅಂದ. "ಎಲ್ಲವ್ರೆ ಯೋಳು. ನಾನೇ ಓಗಿ ಕೇಳ್ಕತೀನಿ. ಕಾಲ್ ಇಡ್ಕೊ ಅಂದ್ರೂ ಇಡ್ಕತೀನಿ."

ಕಿಶನ್ ಆ ಇ-ಮೇಲ್ ನಡೆಸುವ ಕಂಪನಿಗೇ ಒಂದು ಮನವಿ ಬರೆದ. ಕಳಿಸಿದ ಕೂಡಲೇ ಉತ್ತರ ಬಂತು. ಮುದುಕ ಮುಂದಕ್ಕೆ ಬಗ್ಗಿ ಏನಂತೆ ಅಂದ. ಅದು ಮಿಷನ್ನು ತಾನೇ ಕೊಡುವ ಉತ್ತರ. ನಮ್ಮ ಸೇವೆ ಬಳಸಿದ್ದಕ್ಕೆ ಧನ್ಯವಾದ ಅಂತಿತ್ತು. ಆಮೇಲೆ ಬೇರೇನೂ ಬರಲಿಲ್ಲ.

ಬಸ್ಸಿನಲ್ಲಿ ಮಮತ ತಲೆ ಕೆದಕಿದಳು. ಅಕ್ಕನ ಹೊಸ ಅಡುಗೆಮನೆಗೆ ಕಿಟಕಿ ಇಲ್ಲದ್ದು ನೆನಪಿತ್ತು. ಅಲ್ಲಿ ರಾಗಿ ಸಿಗದೆ ಜೋಳದ ಹಿಟ್ಟಿನಲ್ಲಿ ಮುದ್ದೆ ತೊಳಸಿ ಗಂಡನಿಂದ ನಗಿಸಿಕೊಂಡದ್ದು, ಅವ್ವನ ಕಾಲುನೋವು ಹೇಗಿದೆ ಅಂತ ಕೇಳಿದ್ದು, ಎಲ್ಲ ಅಕ್ಷರಕ್ಕೆ ಅಕ್ಷರ ನೆನಪಿತ್ತು. ಬೀದಿಯ ಹೆಸರು ಮಾತ್ರ ಹತ್ತಿರ ಬಂದು ಬಂದು ಜಾರುತ್ತಿತ್ತು. ತನ್ನ ತಲೆಯನ್ನು ತಾನೇ ಜಜ್ಜಿಕೊಳ್ಳಬೇಕು ಅನ್ನಿಸಿತು.

ಮನೆಯಲ್ಲಿ ಸರಸಮ್ಮ, ದೊಡ್ಡವಳು ಸಿಕ್ಕಿದಳಾ ಅಂದಳು. ಹುಟ್ಟಿದಾರಭ್ಯ ಸುಳ್ಳಾಡದ ಚಿಕ್ಕಸಿದ್ದಯ್ಯ, ಸಿಕ್ಕವಳೆ, ನಾನೇ ಹೋಗಿ ಕರಕೊಂಡು ಬತ್ತೀನಿ ಅಂದ. ಅವಳು ಕಣ್ಣು ಮುಚ್ಚಿಕೊಂಡು ನಕ್ಕಳು.

ಮಾರನೇ ದಿನ ಅಕ್ಕಿಹೆಬ್ಬಾಳು ಸ್ಟೇಷನ್ನಿನಲ್ಲಿ ಅವನು ಒಗೆದ ಪಂಚೆ ಉಟ್ಟು, ಚೀಲದಲ್ಲಿ ಮಗಳಿಗೆಂದು ರಾಗಿಹಿಟ್ಟು ಕಟ್ಟಿಕೊಂಡು ನಿಂತಿದ್ದ. ಅರಸೀಕೆರೆಗೆ ಹೋಗಿ ಅಲ್ಲಿ ಪುಣೆ ರೈಲು ಹಿಡಿಯಬೇಕು. ಅಪ್ಪ, ಅದು ದೊಡ್ಡ ಊರು, ಮೈಸೂರಿಗಿಂತ ದೊಡ್ಡದು, ವಿಳಾಸ ಇಲ್ಲದೆ ಆಗೋದಿಲ್ಲ ಅಂತ ಮಮತ ದಾರಿಯುದ್ದಕ್ಕೂ ಹೇಳುತ್ತಲೇ ಬಂದಿದ್ದಳು. ಈ ಸೀಮೆಯಲ್ಲಿ ಅವನು ವಿಳಾಸ ಹಿಡಿದು ಯಾರ ಮನೆಗೂ ಹೋದವನಲ್ಲ. ಪಾಂಡವಪುರವಾಗಲಿ ಹೊಣಕೆರೆಯಾಗಲಿ, ಊರ ಬಾಗಿಲಲ್ಲಿ ಕೇಳಿದರೆ ಯಾರಾದರೂ ಮನೆ ಬಾಗಿಲ ತನಕ ಬಿಟ್ಟು ಬರುತ್ತಿದ್ದರು.

"ಅಕ್ಕೆಬ್ಬಾಳು ಚಿಕ್ಕಸಿದ್ದಯ್ಯನ ಮಗಳ ಮನೆ ಯಾವ್ದು ಅಂದ್ರೆ ಯಾರಾದ್ರೂ ತೋರುಸ್ತಾರೆ ಬುಡು," ಅಂದ. "ನೀನು ನಿಮ್ಮವ್ವನ್ನ ನೋಡ್ಕೊ."

ರೈಲು ಬಂತು, ಅವನು ಹತ್ತಿದ.